ಬಿಳಿಗುಂಡ್ಲುವಿನ ಲೆಕ್ಕಕ್ಕೆ ಸಿಗದ ನೀರು

ಸರ್ವೋಚ್ಚ ನ್ಯಾಯಾಲಯದಿಂದ ಕಾವೇರಿಯ ಕುರಿತು ಆದೇಶವೊಂದು ಹೊರಬಿದ್ದಾಗಲೆಲ್ಲ ಮಂಡ್ಯದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಪ್ರತಿಮೆಯ ಮುಂದೆ ರೈತರು ಬಂದು ಕೂರುತ್ತಾರೆ. ಮದ್ದೂರಿನಲ್ಲಿ ಬೆಂಗಳೂರು–ಮೈಸೂರು ರಸ್ತೆ ತಡೆ ನಡೆಯುತ್ತದೆ, ಮಳವಳ್ಳಿಯಲ್ಲಿ ಅಂಗಡಿಗಳ ಬಾಗಿಲು ಮುಚ್ಚುತ್ತದೆ. ಅದೇ ದಿನ ಕೊಡಗಿನ, ಸಕಲೇಶಪುರದ, ಮೂಡಿಗೆರೆಯ ಹಳ್ಳಿಗಳಲ್ಲಿ ಎಂದಿನ ಕೆಲಸ ಎಂದಿನಂತೆಯೇ ಸಾಗುತ್ತದೆ. ಅದು ಬಯಲುಸೀಮೆಯವರ ಜಗಳ, ಅಣೆಕಟ್ಟೆ ಇರುವವರ ಜಗಳ ಎಂಬ ಭಾವನೆ ಮಲೆನಾಡಿನಲ್ಲಿ ಬಹುಕಾಲದಿಂದ ಬೇರೂರಿದೆ. ಕನ್ನಂಬಾಡಿಗೆ ಬರುವ ನೀರು ಎಲ್ಲಿಯದು ಎಂಬ ಪ್ರಶ್ನೆಯನ್ನು ಮಂಡ್ಯದವರೂ ಕೇಳಿದ್ದು ಕಡಿಮೆ, ಮಲೆನಾಡಿನವರು ಹೇಳಿದ್ದೂ ಕಡಿಮೆ. ನ್ಯಾಯಾಲಯದ ಕಡತಗಳಲ್ಲಂತೂ ಆ ಪ್ರಶ್ನೆಗೆ ಸ್ಥಳವೇ ದೊರೆತಿಲ್ಲ.

2018ರ ಫೆಬ್ರುವರಿ 16ರಂದು ಮುಖ್ಯ ನ್ಯಾಯಮೂರ್ತಿ ದೀಪಕ್ ಮಿಶ್ರಾ, ನ್ಯಾಯಮೂರ್ತಿಗಳಾದ ಅಮಿತಾವ ರಾಯ್ ಮತ್ತು ಎ.ಎಂ. ಖಾನ್ವಿಲ್ಕರ್ ಅವರಿದ್ದ ಪೀಠ ನೀಡಿದ ತೀರ್ಪಿನ ಅವಧಿ ಹದಿನೈದು ವರ್ಷ. ಅಂದರೆ 2033ರ ಹೊತ್ತಿಗೆ ಈ ಲೆಕ್ಕವನ್ನು ಮತ್ತೆ ತೆರೆಯಬೇಕಾಗುತ್ತದೆ. ಅವಧಿಯ ಅರ್ಧಕ್ಕಿಂತ ಹೆಚ್ಚು ಭಾಗ ಈಗಾಗಲೇ ಕಳೆದಿದೆ. ಆ ತೀರ್ಪಿನಲ್ಲಿ ಏನಿತ್ತು, ಏನಿರಲಿಲ್ಲ ಎಂಬುದನ್ನು ಮಲೆನಾಡಿನ ಜನ, ಅದರಲ್ಲೂ ವಿದ್ಯಾರ್ಥಿಗಳು, ಸಾವಧಾನವಾಗಿ ನೋಡಬೇಕಾದ ಕಾಲ ಇದು.

ವಿವಾದದ ಬೇರು 1892 ಮತ್ತು 1924ರ ಮೈಸೂರು–ಮದರಾಸು ಒಪ್ಪಂದಗಳಲ್ಲಿದೆ. ಎರಡನೆಯ ಒಪ್ಪಂದದ ಬಲದಿಂದ ಕನ್ನಂಬಾಡಿ ಕಟ್ಟೆ ಪೂರ್ಣಗೊಂಡಿತು. ಇರ್ವಿನ್ ನಾಲೆ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆ, ಹುಲಿಕೆರೆಯ ಸುರಂಗವನ್ನು ಹಾದು ಬಂದು ರಾಗಿಯ ಹೊಲಗಳನ್ನು ಕಬ್ಬು-ಭತ್ತದ ಗದ್ದೆಗಳನ್ನಾಗಿಸಿತು. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಎದ್ದಿತು, 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. ಒಂದು ಜಿಲ್ಲೆಯ ಹುಟ್ಟಿಗೇ ನಾಲೆಯ ನೀರು ಕಾರಣವಾದ ಉದಾಹರಣೆ ನಾಡಿನಲ್ಲಿ ಬೇರೆ ಇದೆಯೋ ಇಲ್ಲವೋ. 1924ರ ಒಪ್ಪಂದದ ಐವತ್ತು ವರ್ಷದ ಗಡುವು 1974ರಲ್ಲಿ ಮುಗಿಯಿತು. ನ್ಯಾಯಮಂಡಳಿ ರಚನೆಯಾದದ್ದು 1990ರಲ್ಲಿ. ಅದೂ ಸರ್ವೋಚ್ಚ ನ್ಯಾಯಾಲಯ ಕೇಂದ್ರಕ್ಕೆ ಸೂಚಿಸಿದ ಮೇಲೆ. 1991ರ ಜೂನ್ 25ರ ಮಧ್ಯಂತರ ಆದೇಶ, ಅದನ್ನು ಮೀರಲೆಂದು ಬಂಗಾರಪ್ಪನವರ ಸರ್ಕಾರ ಹೊರಡಿಸಿದ ಸುಗ್ರೀವಾಜ್ಞೆ, ಅದು ಸಂವಿಧಾನಬಾಹಿರವೆಂದು ನ್ಯಾಯಾಲಯ ನೀಡಿದ ಅಭಿಪ್ರಾಯ, ಆ ಡಿಸೆಂಬರಿನಲ್ಲಿ ತಮಿಳು ಮಾತನಾಡುವ ಬಡವರ ಮೇಲೆ ನಡೆದ ಹಲ್ಲೆ: ಇವೆಲ್ಲ ಮರೆಯಬಾರದ ಸಂಗತಿಗಳು. ಕೊನೆಯದನ್ನು ಮಾತ್ರ ಕರ್ನಾಟಕ ಮರೆಯಲು ಬಯಸುತ್ತದೆ.

ನ್ಯಾಯಮಂಡಳಿಯ ಅಂತಿಮ ಐತೀರ್ಪು 2007ರ ಫೆಬ್ರುವರಿ 5ರಂದು ಬಂದಿತು. ಕಾವೇರಿ ಕಣಿವೆಯ ಒಟ್ಟು ನೀರು 740 ಟಿಎಂಸಿ ಎಂದು ಅದು ನಿರ್ಣಯಿಸಿತು. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ತಮಿಳುನಾಡಿಗೆ 419, ಕರ್ನಾಟಕಕ್ಕೆ 270, ಕೇರಳಕ್ಕೆ 30, ಪುದುಚೇರಿಗೆ 7, ಪರಿಸರ ರಕ್ಷಣೆಗೆ 10, ತಡೆಯಲಾಗದೆ ಸಮುದ್ರ ಸೇರುವುದು 4. ಹಂಚಿಕೆಯ ಅಂಕಿಗಳು ಪ್ರತಿಯೊಬ್ಬರ ಬಾಯಲ್ಲೂ ಇವೆ. ಆದರೆ ಆ 740 ಎಂಬ ಮೂಲ ಅಂಕಿಯನ್ನು ಪರೀಕ್ಷಿಸಿದವರು ವಿರಳ. ಅದು ಶೇಕಡ 50ರ ಭರವಸೆಯ ಅಂಕಿ. ಸರಳವಾಗಿ ಹೇಳುವುದಾದರೆ, ಹತ್ತು ವರ್ಷಗಳಲ್ಲಿ ಐದು ವರ್ಷ ನದಿಯಲ್ಲಿ ಅಷ್ಟು ನೀರು ಬರಬಹುದು, ಉಳಿದ ಐದು ವರ್ಷ ಅದಕ್ಕಿಂತ ಕಡಿಮೆ ಬರಬಹುದು. ಹಂಚಿಕೆಯ ತಳಹದಿಯಲ್ಲಿಯೇ ಅರ್ಧದಷ್ಟು ವರ್ಷಗಳ ಕೊರತೆ ಬರೆದುಕೊಂಡಿದೆ. ಆ ಅಂಕಿಗೆ ಆಧಾರವಾದ ಹರಿವಿನ ಅಳತೆಗಳೂ ಕಳೆದ ಶತಮಾನದವು. ಆಗ ಬ್ರಹ್ಮಗಿರಿಯಿಂದ ಬಲ್ಲಾಳರಾಯನದುರ್ಗದವರೆಗೆ ಬೆಟ್ಟಗಳ ಮೇಲಿದ್ದ ಕಾಡು ಈಗ ಅಷ್ಟೇ ಉಳಿದಿದೆಯೇ ಎಂಬುದಕ್ಕೆ ಉತ್ತರವನ್ನು ಇಲ್ಲಿನ ಹಿರಿಯರನ್ನು ಕೇಳಿದರೆ ಸಾಕು.

2018ರ ತೀರ್ಪು ಆ 740ನ್ನು ಮುಟ್ಟಲಿಲ್ಲ. ಕರ್ನಾಟಕದ ಪಾಲಿಗೆ 14.75 ಟಿಎಂಸಿ ಸೇರಿಸಿ 284.75ಕ್ಕೆ ಏರಿಸಿತು. ಗಡಿಯ ಬಿಳಿಗುಂಡ್ಲು ಮಾಪನ ಕೇಂದ್ರದಲ್ಲಿ ಹರಿಸಬೇಕಾದ ನೀರು 192ರಿಂದ 177.25ಕ್ಕೆ ಇಳಿಯಿತು. ಕರ್ನಾಟಕದಲ್ಲಿ ಸಿಹಿ ಹಂಚಲಾಯಿತು. ಆದರೆ ಆ 14.75 ಹೇಗೆ ಬಂದಿತೆಂಬುದನ್ನು ನೋಡಿದರೆ ಮದ್ದೂರು-ಮಳವಳ್ಳಿಯ ರೈತನಿಗೆ ಅದರಲ್ಲಿ ದಕ್ಕಿದ್ದೇನೆಂಬುದು ತಿಳಿಯುತ್ತದೆ.

ಅದರಲ್ಲಿ 10 ಟಿಎಂಸಿ ತಮಿಳುನಾಡಿನ ಅಂತರ್ಜಲದಿಂದ ಬಂದದ್ದು. ಮುಖಜ ಭೂಮಿಯಲ್ಲಿ 20 ಟಿಎಂಸಿಯಷ್ಟು ಅಂತರ್ಜಲವಿದೆ, ಅದನ್ನು ನ್ಯಾಯಮಂಡಳಿ ಲೆಕ್ಕಕ್ಕೆ ತೆಗೆದುಕೊಂಡಿಲ್ಲ ಎಂದು ನ್ಯಾಯಾಲಯ ಗಮನಿಸಿ, ಅದರ ಅರ್ಧವನ್ನು ಎಣಿಕೆಗೆ ತಂದಿತು. ನೆಲದ ಮೇಲೆ ಹರಿಯುವ ನೀರೂ ನೆಲದೊಳಗಿನ ನೀರೂ ಬೇರೆಯಲ್ಲ ಎಂಬ ತತ್ತ್ವವನ್ನು ಪರಿಸರ ಚಳವಳಿಗಳು ದಶಕಗಳಿಂದ ಹೇಳುತ್ತ ಬಂದಿವೆ. ದೇಶದ ಅತ್ಯುನ್ನತ ನ್ಯಾಯಾಲಯ ಅದನ್ನು ಒಂದು ನದಿಯ ಹಂಚಿಕೆಯಲ್ಲಿ ಒಪ್ಪಿಕೊಂಡಿತು. ಸ್ವಾಗತಾರ್ಹವೇ ಸರಿ. ಆದರೆ ಈ ತತ್ತ್ವ ಎರಡಲಗಿನ ಕತ್ತಿ. ನಾಲೆಯ ನೀರು ತಲುಪದ ಕಡೆ ಕೊಳವೆಬಾವಿಗಳನ್ನೇ ನಂಬಿ ಕಬ್ಬು ಬೆಳೆಯುವ ಮದ್ದೂರು ಸೀಮೆಯ ಅಂತರ್ಜಲವನ್ನೂ ಮುಂದಿನ ಬಾರಿ ಯಾರಾದರೂ ಎಣಿಸಲು ಕೇಳಬಹುದು.

ಉಳಿದ 4.75 ಟಿಎಂಸಿ ಬೆಂಗಳೂರಿನ ಕುಡಿಯುವ ನೀರಿಗೆ. ನಗರದ ಮೂರನೆಯ ಒಂದು ಭಾಗ ಮಾತ್ರ ಕಾವೇರಿ ಕಣಿವೆಯಲ್ಲಿದೆ ಎಂದು ನ್ಯಾಯಮಂಡಳಿ ಹಿಡಿದಿದ್ದ ಲೆಕ್ಕವನ್ನು ನ್ಯಾಯಾಲಯ ಬದಿಗಿರಿಸಿ, ಕುಡಿಯುವ ನೀರಿಗೆ ಎಲ್ಲಕ್ಕಿಂತ ಮೇಲಿನ ಸ್ಥಾನ ನೀಡಿತು. ಬಾಯಾರಿದವರಿಗೆ ನೀರು ಬೇಡವೆನ್ನುವವರು ಯಾರೂ ಇಲ್ಲ. ಆದರೆ ಆ ನೀರು ಹೋಗುವ ದಾರಿ ನೋಡಬೇಕು. ಬೆಂಗಳೂರಿಗೆ ಕಾವೇರಿ ಏರುವುದು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ; ಸುಮಾರು ನೂರು ಕಿಲೋಮೀಟರ್ ದೂರ, ಅರ್ಧ ಕಿಲೋಮೀಟರ್ ಎತ್ತರ. ಅಲ್ಲಿ 2024ರ ಅಕ್ಟೋಬರ್ 16ರಂದು ಉದ್ಘಾಟನೆಗೊಂಡ ಐದನೆಯ ಹಂತದ ಯೋಜನೆಯೊಂದೇ ದಿನಕ್ಕೆ 77.5 ಕೋಟಿ ಲೀಟರ್ ಎತ್ತಬಲ್ಲದು. ವರ್ಷಕ್ಕೆ ಗುಣಿಸಿದರೆ ಹತ್ತಿರ ಹತ್ತಿರ 10 ಟಿಎಂಸಿ. ಇಡೀ ಕಾವೇರಿಗೆ, ಅದರ ಮೀನು, ನೀರುನಾಯಿ, ದಡದ ಮತ್ತಿಮರಗಳಿಗೆ ಪರಿಸರದ ಹೆಸರಿನಲ್ಲಿ ಮೀಸಲಾದದ್ದೂ ಅಷ್ಟೇ.

ಗೃಹಬಳಕೆಯ ನೀರಿನಲ್ಲಿ ಐದರಲ್ಲಿ ಒಂದು ಪಾಲು ಮಾತ್ರ ಖರ್ಚಾಗುತ್ತದೆ, ಉಳಿದ ನಾಲ್ಕು ಪಾಲು ನದಿಗೆ ಮರಳುತ್ತದೆ ಎಂಬುದು ಹಂಚಿಕೆಯ ಲೆಕ್ಕ. ಕಾಗದದ ಮೇಲೆ ಸರಿ. ವಾಸ್ತವದಲ್ಲಿ ಬೆಂಗಳೂರಿನ ಒಂದು ಪಾಲು ಕೊಳಚೆ ವೃಷಭಾವತಿ, ಅರ್ಕಾವತಿಗಳ ಮೂಲಕ ಕನಕಪುರದ ಸಂಗಮದಲ್ಲಿ ಕಾವೇರಿ ಸೇರುತ್ತದೆ. ಇನ್ನೊಂದು ಪಾಲು ಬೆಳ್ಳಂದೂರು, ವರ್ತೂರು ಕೆರೆಗಳನ್ನು ಹಾದು ದಕ್ಷಿಣ ಪಿನಾಕಿನಿಯ ಕಡೆಗೆ, ಬೇರೆಯೇ ಕಣಿವೆಗೆ ಇಳಿಯುತ್ತದೆ. ಶುದ್ಧೀಕರಿಸಿದ ಒಂದಷ್ಟು ನೀರನ್ನು ಕೋಲಾರದ ಕೆರೆಗಳಿಗೂ ಹರಿಸಲಾಗುತ್ತಿದೆ. ಅರ್ಕಾವತಿಯಿಂದ ಮರಳುವ ನೀರು ಕೂಡ ಮಳವಳ್ಳಿಯನ್ನು ದಾಟಿದ ಮೇಲೆ ಕಾವೇರಿಗೆ ಸೇರುವಂಥದು. ತನ್ನ ಊರಿನಿಂದ ಮೇಲೆತ್ತಿದ ನೀರು ಮರಳಿ ಬಂದರೂ ಮಳವಳ್ಳಿಯ ನಾಲೆಗೆ ಬಾರದು.

ಇದೇ ಮಳವಳ್ಳಿಯಲ್ಲಿ, ಶಿವನಸಮುದ್ರದ ಪಕ್ಕದಲ್ಲಿಯೇ, 'ಕೊನೆಯ ಭಾಗ' ಎಂಬ ಪದ ನಿತ್ಯದ ಮಾತಾಗಿದೆ. ನಾಲೆಯ ತಲೆಯಲ್ಲಿ ತೂಬು ತೆರೆದಾಗ ಮೇಲ್ಭಾಗದ ಗದ್ದೆಗಳಲ್ಲಿ ನಾಟಿ ಮುಗಿದಿರುತ್ತದೆ, ಮದ್ದೂರು-ಮಳವಳ್ಳಿಯ ಕೊನೆಯ ಕಾಲುವೆಗಳಲ್ಲಿ ಇನ್ನೂ ಮಣ್ಣು ಒಣಗಿರುತ್ತದೆ. ಮಳೆ ಕಡಿಮೆಯಾದ ವರ್ಷ ನೀರಾವರಿ ಸಲಹಾ ಸಮಿತಿ ಸಭೆ ಸೇರಿ 'ಕಟ್ಟು ಪದ್ಧತಿಯಲ್ಲಿ ನೀರು, ಅರೆ ಖುಷ್ಕಿ ಬೆಳೆ ಮಾತ್ರ' ಎಂದು ಪ್ರಕಟಿಸುತ್ತದೆ. ಅಷ್ಟು ದಿನ ನೀರು, ಅಷ್ಟು ದಿನ ಬಂದ್. ಆ ಎಣಿಕೆಯ ದಿನಗಳಲ್ಲಿ ಕೊನೆಯ ಗದ್ದೆಗೆ ನೀರು ತಲುಪುವ ಮೊದಲೇ ತೂಬು ಮುಚ್ಚಿದ ಸಂದರ್ಭಗಳು ಬಹಳ. ಅದೇ ಹೊತ್ತಿನಲ್ಲಿ ದೆಹಲಿಯಿಂದ ಆದೇಶ ಬರುತ್ತದೆ.

2016ರ ಸೆಪ್ಟೆಂಬರ್ 5ರ ಆದೇಶ ಸೆಕೆಂಡಿಗೆ 15,000 ಘನ ಅಡಿಯಂತೆ ಹತ್ತು ದಿನ ನೀರು ಬಿಡಲು ಹೇಳಿತು. ಒಂದು ಕ್ಯೂಸೆಕ್ ನೀರು ದಿನವಿಡೀ ಹರಿದರೆ 86,400 ಘನ ಅಡಿ. ವಿದ್ಯಾರ್ಥಿಗಳು ಗುಣಿಸಿ ನೋಡಲಿ, ಸುಮಾರು 13 ಟಿಎಂಸಿ ಬರುತ್ತದೆ. ಒಂದು ವಾರದೊಳಗೆ ಆದೇಶ 12,000 ಕ್ಯೂಸೆಕ್‌ಗೆ ಇಳಿದರೂ ಬೆಂಗಳೂರಿನಲ್ಲಿ ಬಸ್ಸುಗಳು ಸುಟ್ಟವು. 2023ರಲ್ಲಿ ರಾಜ್ಯ ಸರ್ಕಾರ ಸೆಪ್ಟೆಂಬರ್ ಮಧ್ಯದೊಳಗೇ 195 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಿತ್ತು. 2018ರ ಜೂನ್‌ನಲ್ಲಿ ರಚನೆಯಾದ ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರ 5,000 ಕ್ಯೂಸೆಕ್‌ನಂತೆ ಹದಿನೈದು ದಿನ ನೀರು ಬಿಡಲು ಹೇಳಿತು. ಸೆಪ್ಟೆಂಬರ್ 21ರಂದು ಸರ್ವೋಚ್ಚ ನ್ಯಾಯಾಲಯ ಅದರಲ್ಲಿ ಮಧ್ಯ ಪ್ರವೇಶಿಸಲು ನಿರಾಕರಿಸಿತು. ಇದು ಸುಮಾರು 6.5 ಟಿಎಂಸಿ, 49.45 ಟಿಎಂಸಿ ಹಿಡಿಯುವ ಕನ್ನಂಬಾಡಿಯ ಎಂಟನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು. ಕೊರತೆಯ ವರ್ಷದಲ್ಲಿ ಎಲ್ಲರ ಪಾಲೂ ಅನುಪಾತದಂತೆ ಇಳಿಯಬೇಕೆಂದು ಐತೀರ್ಪು ಹೇಳಿದೆ. ಆದರೆ ಯಾವ ತಿಂಗಳು, ಯಾವ ಅಳತೆಯಿಂದ, ಎಷ್ಟು ಎಂಬ ವಿವರದಲ್ಲಿ ಒಮ್ಮತವಿಲ್ಲದ ಕಾರಣ ಪ್ರತಿ ಬರಗಾಲದಲ್ಲೂ ಅದೇ ಜಗಳ ಮೊದಲಿನಿಂದ ಆರಂಭವಾಗುತ್ತದೆ. ಜಿ. ಮಾದೇಗೌಡರಂಥ ಹಿರಿಯರು ಜೀವಮಾನವಿಡೀ ಈ ಹೋರಾಟ ನಡೆಸಿ 2021ರಲ್ಲಿ ತೀರಿಕೊಂಡರು, ಹೋರಾಟ ಮಾತ್ರ ಮುಗಿಯಲಿಲ್ಲ. ತಂಜಾವೂರಿನ ಕೊನೆಯ ಕಾಲುವೆಯಲ್ಲಿ ಕುರುವೈ ಬೆಳೆಗೆ ಕಾದು ಕುಳಿತ ರೈತನ ಪಾಡೂ ಮಳವಳ್ಳಿಯವನ ಪಾಡೂ ಒಂದೇ ಎಂಬುದನ್ನು ಎರಡೂ ರಾಜ್ಯಗಳ ಮುಖಂಡರು ಹೇಳುವುದಿಲ್ಲ.

ನ್ಯಾಯಾಲಯವನ್ನು ದೂಷಿಸುವುದು ಸುಲಭ. ಇರುವ ನೀರನ್ನು ಅದು ಹಂಚಬಲ್ಲದು, ಇಲ್ಲದ ನೀರನ್ನು ತರಲಾರದು. ಆದರೂ ಅದರ ಮುಂದೆ ಇಡಬೇಕಾದ ಒಂದು ಆಕ್ಷೇಪವಿದೆ. ನದಿಯ ಮೊಕದ್ದಮೆಯನ್ನು ಒಂದು ಕಡತದಲ್ಲೂ ಕಾಡಿನ ಮೊಕದ್ದಮೆಯನ್ನು ಇನ್ನೊಂದು ಕಡತದಲ್ಲೂ ಅದು ವಿಚಾರಿಸುತ್ತ ಬಂದಿದೆ. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಕಾಡು ಎಂಬ ಪದಕ್ಕೆ ವಿಶಾಲವಾದ ಅರ್ಥ ಕೊಟ್ಟದ್ದು ಇದೇ ನ್ಯಾಯಾಲಯ. ಕುದುರೆಮುಖದ ಗಣಿಗಾರಿಕೆ 2005ರ ಅಂತ್ಯಕ್ಕೆ ನಿಲ್ಲಬೇಕೆಂದು 2002ರ ಅಕ್ಟೋಬರ್ 30ರಂದು ಆದೇಶಿಸಿ ತುಂಗಾ, ಭದ್ರಾ, ನೇತ್ರಾವತಿಗಳ ನೆತ್ತಿಯನ್ನು ಉಳಿಸಿದ್ದೂ ಇದೇ. 2024ರ ಡಿಸೆಂಬರ್ 18ರಂದು ರಾಜಸ್ಥಾನದ ಓರಣಗಳೆಂಬ ದೇವರಕಾಡುಗಳನ್ನು ಗುರುತಿಸಿ ರಕ್ಷಿಸಬೇಕೆಂದು ಹೇಳಿದ್ದೂ ಇದೇ. ಕೊಡಗಿನ ದೇವರಕಾಡುಗಳಿಗೆ ಆ ಮಾತು ಅನ್ವಯಿಸದೆ ಹೋಗಲು ಕಾರಣವಿಲ್ಲ. ಹೀಗಿದ್ದೂ ಕಾವೇರಿ ತೀರ್ಪಿನಲ್ಲಿ ನೀರಿನ ಹಂಚಿಕೆಯುಂಟು, ನೀರು ಹುಟ್ಟುವ ನೆಲದ ಹೊಣೆಯಿಲ್ಲ. ಅಂತರರಾಜ್ಯ ನದಿ ರಾಷ್ಟ್ರದ ಸಂಪತ್ತು, ಯಾವ ರಾಜ್ಯವೂ ಅದರ ಒಡೆಯನಲ್ಲ ಎಂದು 2018ರ ತೀರ್ಪು ಸಾರಿತು. ನದಿ ರಾಷ್ಟ್ರದ್ದಾದರೆ ಅದರ ಜಲಾನಯನದ ಶೋಲೆ, ಹುಲ್ಲುಗಾವಲು, ಜೌಗುಗದ್ದೆಗಳ ಪಾಲನೆಯ ವೆಚ್ಚವೂ ರಾಷ್ಟ್ರದ್ದೇ ಆಗಬೇಕಲ್ಲವೆ? ನೀರು ಕುಡಿಯುವ ಬೆಂಗಳೂರು, ಬೆಳೆ ಬೆಳೆಯುವ ಮುಖಜ ಭೂಮಿ, ಎರಡೂ ಬೆಟ್ಟದ ಬಾಕಿದಾರರಲ್ಲವೆ?

ತೀರ್ಪು ಬಂದ ಆರು ತಿಂಗಳಿಗೆ, 2018ರ ಆಗಸ್ಟ್‌ನಲ್ಲಿ, ಮಡಿಕೇರಿ ತಾಲ್ಲೂಕಿನ ಮಕ್ಕಂದೂರು, ಜೋಡುಪಾಲದ ಕಡೆಗಳಲ್ಲಿ ಬೆಟ್ಟಗಳು ಜರಿದವು. ಮಣ್ಣು ಹಾರಂಗಿಯ ಜಲಾಶಯಕ್ಕೆ ಹೂಳಾಗಿ ಹೋಯಿತು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿಯೇ ಕುಸಿದು ಅರ್ಚಕರ ಕುಟುಂಬವನ್ನು ಹುದುಗಿಸಿತು. ಕಾವೇರಿ ಹುಟ್ಟುವ ಸ್ಥಳದಲ್ಲಿ ನಡೆದ ಈ ಅನಾಹುತ ಬಿಳಿಗುಂಡ್ಲುವಿನ ಮಾಪನದಲ್ಲಿ ಕಾಣುವುದು ಕೆಲವು ದಿನಗಳ ಹೆಚ್ಚುವರಿ ನೀರಾಗಿ ಮಾತ್ರ. ಬೆಟ್ಟ ನೀರನ್ನು ಹಿಡಿದಿಟ್ಟು ನಿಧಾನವಾಗಿ ಬಿಡುವ ಬದಲು ಒಂದೇ ವಾರದಲ್ಲಿ ಚೆಲ್ಲಿದರೆ ವರ್ಷದ ಒಟ್ಟು ಲೆಕ್ಕ ಸರಿಯಾಗಿಯೇ ಇರುತ್ತದೆ, ಫೆಬ್ರುವರಿಯಲ್ಲಿ ಹೊಳೆ ಬತ್ತಿರುತ್ತದೆ.

ಫೆಬ್ರುವರಿಯ ಮಾತು ಬಂದಿತು. ತೀರ್ಪಿನ ತಿಂಗಳ ಪಟ್ಟಿಯಲ್ಲಿ ಜೂನ್‌ನಿಂದ ಜನವರಿಯವರೆಗೆ ಪ್ರತಿ ತಿಂಗಳ ಅಂಕಿಯೂ ಇಳಿದಿದೆ. ಆಗಸ್ಟ್‌ನ 50 ಟಿಎಂಸಿ 45.95 ಆಗಿದೆ, ಸೆಪ್ಟೆಂಬರಿನ 40, 36.76 ಆಗಿದೆ. ಫೆಬ್ರುವರಿಯಿಂದ ಮೇ ತನಕ ತಿಂಗಳಿಗೆ 2.5 ಟಿಎಂಸಿಯಂತೆ ಇದ್ದದ್ದನ್ನು ಮಾತ್ರ ನ್ಯಾಯಾಲಯ ಮುಟ್ಟಲಿಲ್ಲ. ನಾಲ್ಕು ತಿಂಗಳಿಗೆ 10 ಟಿಎಂಸಿ. ನದಿ ನದಿಯಾಗಿ ಉಳಿಯಲು ಬೇಕಾದ ಕನಿಷ್ಠ ನೀರು ಅದು. ಇಲ್ಲಿ ಮಲೆನಾಡು ತನ್ನ ಕಡೆಗೂ ನೋಡಿಕೊಳ್ಳಬೇಕು. ಅದೇ ಫೆಬ್ರುವರಿ-ಮಾರ್ಚ್‌ನಲ್ಲಿ ಕಾಫಿಯ ಹೂಮಳೆ ತಡವಾದರೆ ಹೊಳೆ-ತೊರೆಗಳಿಗೆ ಪಂಪು ಇಳಿಯುತ್ತದೆ, ತುಂತುರು ನೀರಾವರಿ ಹಗಲು ರಾತ್ರಿ ಓಡುತ್ತದೆ. ಭತ್ತದ ಗದ್ದೆಗಳು ಪಾಳು ಬಿದ್ದು, ಮಣ್ಣು ತುಂಬಿಸಿಕೊಂಡು ನಿವೇಶನಗಳಾಗುತ್ತಿವೆ. ಗದ್ದೆ ಹೋದಲ್ಲಿ ಅದು ಹಿಡಿದಿಡುತ್ತಿದ್ದ ಮಳೆಗಾಲದ ನೀರೂ ಹೋಯಿತು. ಗುಡ್ಡದ ನೆತ್ತಿ ಕಡಿದು ಎದ್ದ ವಸತಿಗೃಹಗಳಿಗೆ ಭೂಪರಿವರ್ತನೆಯ ಅರ್ಜಿ ಬರೆದುಕೊಟ್ಟವರು ದೆಹಲಿಯವರಲ್ಲ. ಸೂಕ್ಷ್ಮ ಪ್ರದೇಶದ ವರದಿಗಳು ಬಂದಾಗಲೆಲ್ಲ ಮೊದಲು ಬೇಡವೆಂದದ್ದೂ ಬೆಟ್ಟದ ಊರುಗಳೇ. 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಿದಾಗ ಮಲೆನಾಡಿನ ಬಹುಪಾಲು ಸಮಾಧಾನಪಟ್ಟಿತು. ಜನರನ್ನು ಕೇಳದೆ ಗೆರೆ ಎಳೆದ ವರದಿಯ ಮೇಲಿನ ಕೋಪಕ್ಕೆ ಕಾರಣಗಳಿದ್ದವು. ಬದಲಿಗೆ ಏನು ಮಾಡುತ್ತೇವೆಂದು ಮಾತ್ರ ಯಾವ ಗ್ರಾಮಸಭೆಯೂ ಬರೆದುಕೊಡಲಿಲ್ಲ.

ಈಗಿನ ಉತ್ಸಾಹವೆಲ್ಲ ಮೇಕೆದಾಟುವಿನ ಕಡೆಗಿದೆ. 2025ರ ನವೆಂಬರ್ 13ರಂದು ಸರ್ವೋಚ್ಚ ನ್ಯಾಯಾಲಯ ತಮಿಳುನಾಡಿನ ಆಕ್ಷೇಪ ಈ ಹಂತದಲ್ಲಿ ಅಕಾಲಿಕವೆಂದು ತಳ್ಳಿಹಾಕಿತು. ಇದು ಯೋಜನೆಗೆ ಸಿಕ್ಕ ಅನುಮತಿಯಲ್ಲ; ತಜ್ಞ ಸಂಸ್ಥೆಗಳು ಮೊದಲು ನೋಡಲಿ ಎಂಬ ಮಾತು. 67.16 ಟಿಎಂಸಿಯ ಆ ಅಣೆಕಟ್ಟೆ ಮುಳುಗಿಸುವುದು ಸುಮಾರು 5,000 ಹೆಕ್ಟೇರ್ ನೆಲ. ಅದರ ಬಹುಪಾಲು ಕಾವೇರಿ ವನ್ಯಧಾಮದ ಮತ್ತು ಮೀಸಲು ಅರಣ್ಯದ ಕಾಡು. ಮಳೆ ಹೆಚ್ಚಾದ ವರ್ಷ ಹರಿದುಹೋಗುವ ನೀರನ್ನು ಹಿಡಿದಿಟ್ಟರೆ ಬರದ ವರ್ಷದ ಜಗಳ ತಪ್ಪುತ್ತದೆ ಎಂಬ ವಾದದಲ್ಲಿ ಅರ್ಥವಿಲ್ಲವೆಂದಲ್ಲ. ಆದರೆ ಮಂಡ್ಯದ ಹೆಸರು ಹೇಳಿ ಈ ಯೋಜನೆಗೆ ಚಪ್ಪಾಳೆ ತಟ್ಟಿಸುವಾಗ ಒಂದು ಸರಳ ಸತ್ಯವನ್ನು ಮರೆಮಾಚಲಾಗುತ್ತಿದೆ: ಮೇಕೆದಾಟು ಇರುವುದು ಸಂಗಮದ ಕೆಳಗೆ. ಮದ್ದೂರಿನ, ಮಳವಳ್ಳಿಯ ನಾಲೆಗಳಿಗೆ ಅಲ್ಲಿಂದ ನೀರು ಹಿಂದಕ್ಕೆ ಹರಿಯುವುದಿಲ್ಲ. ಅದು ಬೆಂಗಳೂರಿನ ಕಟ್ಟೆ, ವಿದ್ಯುತ್ತಿನ ಕಟ್ಟೆ. ಕೊನೆಯ ಭಾಗದ ರೈತನಿಗೆ ಬೇಕಾಗಿರುವುದು ನಾಲೆಯ ದುರಸ್ತಿ, ಕೆರೆಗಳ ಹೂಳೆತ್ತುವಿಕೆ, ಕಬ್ಬಿನಷ್ಟೇ ಕೈಹಿಡಿಯುವ ಬೆಲೆ ದೊರೆಯುವ ಕಡಿಮೆ ನೀರಿನ ಬೆಳೆ.

2025ರ ಜೂನ್ ಅಂತ್ಯಕ್ಕೇ ಕನ್ನಂಬಾಡಿ 124.80 ಅಡಿ ಮುಟ್ಟಿ ಬಾಗಿನ ಸ್ವೀಕರಿಸಿತು. ಕಟ್ಟೆ ತುಂಬಿದ ವರ್ಷ ಯಾರೂ ಲೆಕ್ಕ ಕೇಳುವುದಿಲ್ಲ. ಆದರೆ ಕೇಳಬೇಕಾದದ್ದು ಅಂಥ ವರ್ಷದಲ್ಲಿಯೇ, ಮನಸ್ಸು ತಣ್ಣಗಿರುವಾಗ. ಮದ್ದೂರು-ಮಳವಳ್ಳಿಯ ರೈತ ಸಂಘಟನೆಗಳೂ ಮಲೆನಾಡಿನ ಗ್ರಾಮಸಭೆಗಳೂ ಒಂದೆಡೆ ಕುಳಿತ ದಾಖಲೆ ಹೆಚ್ಚಿಲ್ಲ. 2033ರಲ್ಲಿ ಹಂಚಿಕೆ ಮತ್ತೆ ತೆರೆದಾಗ ಸರ್ಕಾರದ ವಕೀಲರು ಎಂದಿನಂತೆ ಜಲಾಶಯದ ಮಟ್ಟಗಳನ್ನು ಮಂಡಿಸುತ್ತಾರೆ. ಬೆಟ್ಟದ ತೊರೆಗಳು ಯಾವ ತಿಂಗಳು ಬತ್ತಿದವು, ಯಾವ ಊರಿನ ಝರಿ ನಿಂತುಹೋಯಿತು, ಮಳೆಯ ದಿನಗಳು ಎಷ್ಟು ಕಡಿಮೆಯಾದವು ಎಂಬ ದಾಖಲೆ ಅವರ ಬಳಿ ಇರುವುದಿಲ್ಲ, ಊರಿನವರು ಕೊಡದ ಹೊರತು.

ಕೊಡಗಿನ ಹಳೆಯ ತೋಟಗಳಲ್ಲಿ ತಲೆಮಾರುಗಳಿಂದ ಮಳೆಯನ್ನು ಇಂಚುಗಳಲ್ಲಿ ಬರೆದಿಟ್ಟ ಪುಸ್ತಕಗಳಿವೆ. ಹಲವು ಮನೆಗಳಲ್ಲಿ ಅವು ಅಟ್ಟದ ಮೇಲೆ ಗೆದ್ದಲಿಗೆ ಕಾಯುತ್ತಿವೆ. ಅವನ್ನು ಇಳಿಸಿ ಪ್ರತಿ ಮಾಡಿಸುವುದು ಕಾಲೇಜು ವಿದ್ಯಾರ್ಥಿಗಳ ಒಂದು ರಜೆಯ ಕೆಲಸ. ಮಳೆಮಾಪಕವೊಂದಕ್ಕೆ ಹೆಚ್ಚು ಖರ್ಚಿಲ್ಲ, ಹೊಳೆಯ ಸೇತುವೆಯ ಕಂಬಕ್ಕೆ ಅಡಿಗಳ ಗುರುತು ಬರೆಯಲು ಒಂದು ಡಬ್ಬಿ ಬಣ್ಣ ಸಾಕು. ಪ್ರತಿ ಪ್ರೌಢಶಾಲೆಯೂ ತನ್ನ ಊರಿನ ಒಂದು ತೊರೆಯನ್ನು ಆರಿಸಿಕೊಂಡು, ಬೆಳಿಗ್ಗೆ ಎಂಟೂವರೆಗೆ ನೀರಿನ ಮಟ್ಟ ನೋಡಿ, ದಿನಾಂಕದೊಂದಿಗೆ ಬರೆದಿಡಲಿ. ಬೇಸಿಗೆಯಲ್ಲಿ ತೊರೆಗೆ ಪಂಪು ಇಳಿದ ದಿನಗಳನ್ನೂ ಅದೇ ಪುಸ್ತಕದಲ್ಲಿ ಬರೆಯಲಿ, ಪಂಪು ಯಾರದೇ ಇರಲಿ. ಆ ಪುಸ್ತಕದ ಒಂದು ಪ್ರತಿ ಗ್ರಾಮ ಪಂಚಾಯಿತಿಯಲ್ಲಿರಲಿ, ಇನ್ನೊಂದು ಪ್ರತಿ ಮಳವಳ್ಳಿಗೆ ಹೋಗಲಿ.